ತಾರಸಿ ಸೋರಿ ಬೋರ್ಡು ಸುಟ್ಟರೆ ಬಿಲ್ಲು ಯಾರ ತಲೆಗೆ?

ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಸ್ವಂತ ಮನೆ ಇರುವವರಿಗಿಂತ ಬಾಡಿಗೆ ಮನೆಯವರೇ ಹೆಚ್ಚು. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ಒಂದೇ ಮಾತು: ಯಾರ ಮನೆ ಎಲ್ಲಿ ಸೋರುತ್ತಿದೆ, ಅದಕ್ಕೆ ದುಡ್ಡು ಯಾರು ಕೊಟ್ಟರು. "ಮನೆ ಅವರದು, ಅವರೇ ಮಾಡಿಸಲಿ" ಎನ್ನುವವರು ಒಂದು ಕಡೆ. "ಇರುವವರು ನಾವಲ್ಲವೆ, ಇಷ್ಟಕ್ಕೆಲ್ಲ ಅವರನ್ನು ಕಾಡುವುದೇಕೆ" ಎನ್ನುವವರು ಇನ್ನೊಂದು ಕಡೆ. ಈ ವರ್ಷ ಆ ಪ್ರಸಂಗ ನನಗೇ ಬಂತು. 15,300 ರೂಪಾಯಿ ಕೈಯಿಂದ ಹಾಕಿ, ಅದರಲ್ಲಿ ಬಹುಪಾಲು ಹಿಂದಕ್ಕೆ ಬರುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು. ದುಡ್ಡು ಬಂದದ್ದು ನನಗೆ ಕಾನೂನು ಗೊತ್ತಿತ್ತೆಂದಲ್ಲ. ನೀರು ಎಲ್ಲಿಂದ ಬಂತು ಎಂಬುದಕ್ಕೆ ನನ್ನ ಬಳಿ ಚಿತ್ರವೂ ಕಾಗದವೂ ಇದ್ದವು. ಮುಂದೆ ಇದೇ ಪಾಡು ಪಡುವವರಿಗಾಗಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮಡಿಕೇರಿಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮೂರು ಮಹಡಿಯ ಸಣ್ಣ ಅಪಾರ್ಟ್‌ಮೆಂಟು ನಮ್ಮದು. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ನಾನು ಮತ್ತು ಅಮ್ಮ ಇದ್ದೇವೆ. ಬಾಡಿಗೆ 13,000, ಮುಂಗಡ 80,000, ಕರಾರು ಹನ್ನೊಂದು ತಿಂಗಳದ್ದು. ನಮ್ಮ ಮನೆಯ ಮಾಲೀಕರು ನಾಪೋಕ್ಲಿನಿಂದಾಚೆ ತಮ್ಮ ಕಾಫಿ ತೋಟದಲ್ಲೇ ಇರುತ್ತಾರೆ. ವಯಸ್ಸಾದವರು, ಮಾತಿನಲ್ಲಿ ಮರ್ಯಾದಸ್ಥರು. ಕಟ್ಟಡದ ಎಲ್ಲ ಮಾಲೀಕರೂ ಸೇರಿದ ಸಂಘವೊಂದಿದೆ. ತಿಂಗಳ ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರೇ ಕಟ್ಟುವುದು ಇಲ್ಲಿನ ರೂಢಿ. ಕಾಂಕ್ರೀಟ್ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದಾರೆ. ಕೊಡಗಿನಲ್ಲಿ ಬರಿಯ ತಾರಸಿಯನ್ನು ನಂಬಿ ಯಾರೂ ಮಲಗುವುದಿಲ್ಲ.

ಜುಲೈ ತಿಂಗಳು. ಮಳೆಯ ಜೊತೆ ಗಾಳಿಯೂ ಸೇರಿಕೊಂಡಿತ್ತು, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ್ದರು. ರಾತ್ರಿ ಮೇಲೆ ಶೀಟು ಬಡಿದುಕೊಳ್ಳುವ ಸದ್ದು ಕೇಳಿಸಿತಾದರೂ ಅದು ಪ್ರತಿ ವರ್ಷದ ಸದ್ದೇ ಎಂದು ಸುಮ್ಮನಾದೆವು. ಬೆಳಗಿನ ಜಾವ ಅಮ್ಮ ಎಬ್ಬಿಸಿದರು. "ಏನೋ ಸುಟ್ಟ ವಾಸನೆ ಬರುತ್ತಿದೆ, ನೋಡು." ಬಾಗಿಲ ಪಕ್ಕದ ಡಿಬಿ ಬಾಕ್ಸಿನಿಂದ, ಅಂದರೆ ಮನೆಗೆಲ್ಲ ಕರೆಂಟು ಹಂಚುವ ಬೋರ್ಡಿನಿಂದ, ಸಣ್ಣಗೆ ಚಟಚಟ ಸದ್ದು. ಟಾರ್ಚ್ ಹಾಕಿದರೆ ಮೇಲಿನಿಂದ ಗೋಡೆಯುದ್ದಕ್ಕೂ ನೀರಿನ ಪಟ್ಟಿ ಇಳಿದು ನೇರವಾಗಿ ಬಾಕ್ಸಿನೊಳಕ್ಕೆ ಹೋಗುತ್ತಿತ್ತು.

ಇಲ್ಲಿ ಒಂದು ಮಾತು. ಇಂಥ ಹೊತ್ತಿನಲ್ಲಿ ಒದ್ದೆ ಬಾಕ್ಸಿನ ಸ್ವಿಚ್ಚನ್ನು ಮುಟ್ಟಬೇಡಿ. ಅಪಾರ್ಟ್‌ಮೆಂಟಿನಲ್ಲಿ ಕೆಳಗೆ ಮೀಟರುಗಳಿರುವ ಜಾಗದಲ್ಲಿ ಪ್ರತಿ ಮನೆಗೂ ಬೇರೆ ಮೇನ್ ಸ್ವಿಚ್ ಇರುತ್ತದೆ. ಒಣ ಚಪ್ಪಲಿ ಮೆಟ್ಟಿ, ಒಣ ಕೈಯಲ್ಲಿ, ಅದನ್ನು ಆರಿಸಬೇಕು. ನಿಮ್ಮ ಮನೆಯದು ಯಾವುದೆಂದು ಮಳೆಗಾಲಕ್ಕೆ ಮೊದಲೇ ನೋಡಿಟ್ಟುಕೊಂಡು ಬಣ್ಣದಲ್ಲಿ ಗುರುತು ಹಾಕಿ. ಕೆಳಗಿನ ಮನೆಯ ಅಕ್ಕ ತಮ್ಮ ಟಾರ್ಚ್ ಹಿಡಿದು ಬರದಿದ್ದರೆ ಆ ಕತ್ತಲಲ್ಲಿ ಸಾಲಾಗಿ ನಿಂತ ಮೀಟರುಗಳಲ್ಲಿ ನಮ್ಮದನ್ನು ಹುಡುಕುವುದು ನನ್ನಿಂದ ಆಗುತ್ತಿರಲಿಲ್ಲ.

ಕರೆಂಟು ಆರಿಸಿ ಮೇಲೆ ಬಂದವಳು ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ಸಾಕ್ಷಿಯಾಗಲಿ ಎಂಬ ಯೋಚನೆಯೇನೂ ಇರಲಿಲ್ಲ, ಮಾಲೀಕರಿಗೆ ಕಳಿಸಬೇಕಿತ್ತು, ಅಷ್ಟೆ. ತಾರಸಿಗೆ ಹತ್ತಿ ನೋಡಿದರೆ ಎರಡು ಶೀಟುಗಳು ಮೊಳೆ ಕಿತ್ತು ಹಾರಿದ್ದವು. ನೀರು ಹೋಗುವ ಕೊಳವೆಯ ಬಾಯಿಗೆ ಪಕ್ಕದ ಸಿಲ್ವರ್ ಓಕ್ ಮರದ ಎಲೆ ತುಂಬಿ, ತಾರಸಿಯ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅದನ್ನೂ ವಿಡಿಯೊ ಮಾಡಿದೆ. ಮುಂದೆ ನಡೆದ ವಾದವೆಲ್ಲ ಈ ಎರಡು ವಿಡಿಯೊಗಳ ಮೇಲೇ ನಿಂತಿತು.

ಮಾಲೀಕರಿಗೆ ಫೋನ್ ಮಾಡಿದರೆ ಸಂಪರ್ಕವೇ ಇಲ್ಲ. ನಾಪೋಕ್ಲು ಕಡೆ ಕರೆಂಟು ಹೋದ ಮೇಲೆ ಟವರುಗಳೂ ಸದ್ದಡಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಾವೇರಿ ಉಕ್ಕಿ ರಸ್ತೆಯ ಮೇಲೆ ನೀರು ಬಂದಿರುವ ಸುದ್ದಿಯೂ ಇತ್ತು, ಹೋಗಿ ಹೇಳುವ ಮಾತೇ ಇಲ್ಲ. ಹಾಗಾಗಿ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿ, ಅದರ ಕೆಳಗೆ ಬರೆದೆ: ತಾರಸಿಯ ನೀರು ಡಿಬಿಗೆ ಇಳಿದು ಸುಟ್ಟಿದೆ, ಕರೆಂಟು ಪೂರ್ತಿ ಆರಿಸಿದ್ದೇವೆ, ಮನೆಯಲ್ಲಿ ವಯಸ್ಸಾದವರಿದ್ದಾರೆ, ಇಂದೇ ದುರಸ್ತಿ ಆಗಬೇಕು, ತಮ್ಮ ಉತ್ತರ ಬರದಿದ್ದರೆ ನಾನೇ ಮಾಡಿಸಿ ಬಿಲ್ಲು ಕಳಿಸುತ್ತೇನೆ. ಇದೇ ಮಾತನ್ನು ಎಸ್ಸೆಮ್ಮೆಸ್ಸಿನಲ್ಲೂ ಹಾಕಿದೆ. ಇಂಟರ್ನೆಟ್ ಇಲ್ಲದ ಕಡೆ ಒಂದು ಕ್ಷಣ ಸಿಗ್ನಲ್ ಬಂದರೂ ಎಸ್ಸೆಮ್ಮೆಸ್ ತಲುಪಿಬಿಡುತ್ತದೆ. ಸಂಘದ ಕಾರ್ಯದರ್ಶಿಗೂ ಅದನ್ನೇ ಕಳಿಸಿದೆ. ಅವರು ಮಡಿಕೇರಿಯಲ್ಲೇ ಇದ್ದರು, "ನೋಡೋಣ ಮೇಡಂ, ಮಳೆ ಸ್ವಲ್ಪ ಬಿಡಲಿ" ಎಂದರು. ಕೊಡಗಿನ ಜುಲೈನಲ್ಲಿ ಈ ಮಾತಿಗೆ ಸೆಪ್ಟೆಂಬರ್ ಎಂದು ಅರ್ಥ.

ವಿದ್ಯುತ್ ದೂರಿನ 1912 ಸಂಖ್ಯೆಗೆ ಫೋನ್ ಮಾಡಿ ದೂರು ಕೊಟ್ಟಿದ್ದೆ. ಲೈನ್‌ಮನ್ ಬಂದದ್ದು ನನಗೇ ಆಶ್ಚರ್ಯ, ಆ ಗಾಳಿಯಲ್ಲಿ ಊರಿನ ಅರ್ಧ ಕಂಬಗಳು ಅವರ ತಲೆಯ ಮೇಲಿದ್ದವು. ಮೀಟರು, ಕಂಬದಿಂದ ಬರುವ ತಂತಿ ಎಲ್ಲ ನೋಡಿ, ಅಲ್ಲಿಯವರೆಗೆ ಸರಿಯಿದೆ, ಮೀಟರಿನಿಂದ ಈಚೆಯದು ಮನೆಯವರದು ಎಂದು ಹೇಳಿ ಹೋದರು. ಈ ಗಡಿ ನೆನಪಿರಲಿ. ಮೀಟರಿನವರೆಗಿನ ದೋಷ ವಿದ್ಯುತ್ ಸರಬರಾಜು ಮಾಡುವವರದು, ಅಲ್ಲಿಂದ ಒಳಗಿನದಕ್ಕೆ ಅವರು ಕೈ ಹಾಕುವುದಿಲ್ಲ.

ಎಲೆಕ್ಟ್ರಿಷಿಯನ್ ಸಿಕ್ಕಿದ್ದು ಮಧ್ಯಾಹ್ನ. ಪರವಾನಗಿ ಇರುವವರನ್ನೇ ಹುಡುಕಿದ್ದೆ. ಬಾಕ್ಸ್ ಬಿಚ್ಚಿ ನೋಡಿ, ಸದ್ಯಕ್ಕೆ ಒಂದು ಬಲ್ಬಿಗೂ ಫ್ರಿಜ್ಜಿಗೂ ತಾತ್ಕಾಲಿಕ ಸಂಪರ್ಕ ಕೊಡಲು ಅವರು ಒಪ್ಪಲಿಲ್ಲ. "ಗೋಡೆಯೇ ಒದ್ದೆ ಟೀಚರೇ. ಮೇಲಿನ ನೀರು ನಿಲ್ಲಿಸಿ, ಆಮೇಲೆ ಕರೆಯಿರಿ." ಬಂದುಹೋದದ್ದಕ್ಕೆ 800 ರೂಪಾಯಿ. ಕೋಪ ಬಂತು ನಿಜ, ಆದರೆ ಹಾಗೆ ಹೇಳಿದ್ದರಿಂದಲೇ ಅವರ ಮೇಲೆ ನಂಬಿಕೆಯೂ ಬಂತು.

ಮೇಲಿನ ನೀರು ನಿಲ್ಲಿಸುವುದು ಯಾರ ಕೆಲಸ? ಸಂಘದ್ದು. ಸಂಘದವರು ಬರುವುದಿಲ್ಲ. ನಾಟಿಯ ಕಾಲ, ಕೂಲಿಯವರೆಲ್ಲ ಗದ್ದೆಯಲ್ಲಿದ್ದರು. ಕೊನೆಗೆ ಕೆಳಗಿನ ಅಕ್ಕನ ಪರಿಚಯದ ಇಬ್ಬರು ತಲಾ 900 ಕೂಲಿಗೆ ಒಪ್ಪಿ ಬಂದು, ಎಲೆ ತೆಗೆದು, ನೀರು ಬಿಟ್ಟು, ಹಾರಿದ ಶೀಟಿನ ಜಾಗಕ್ಕೆ ದಪ್ಪ ಟಾರ್ಪಾಲು ಕಟ್ಟಿದರು. ಟಾರ್ಪಾಲು, ಹಗ್ಗ, ಮೊಳೆ ಸೇರಿ 3,200. ಮಳೆಗಾಲದ ನಡುವೆ ಟಾರ್ಪಾಲಿನ ಬೆಲೆ ಕೇಳುವವನ ಮುಖ ನೋಡಿ ಏರುತ್ತದೆ. ಮೇ ತಿಂಗಳಲ್ಲೇ ಒಂದು ತಂದಿಟ್ಟುಕೊಳ್ಳುವುದು ಜಾಣತನ.

ಅಮ್ಮನನ್ನು ಕುಶಾಲನಗರದ ಚಿಕ್ಕಮ್ಮನ ಮನೆಗೆ ಕಳಿಸಿ ನಾನು ಕೆಳಗಿನ ಅಕ್ಕನ ಮನೆಯಲ್ಲಿ ಮಲಗುತ್ತಿದ್ದೆ. ಬಸ್ಸು ಹತ್ತುವಾಗಲೂ ಅಮ್ಮನದು ಒಂದೇ ರಾಗ: "ಮಾಲೀಕರ ಹತ್ತಿರ ಜಗಳ ಆಡಬೇಡ, ಇಂಥ ಮನೆ ಮತ್ತೆ ಸಿಗುವುದಿಲ್ಲ." ಅದೂ ಸುಳ್ಳಲ್ಲ. ಹೋಮ್‌ಸ್ಟೇ ಮಾಡಿದರೆ ವಾರಾಂತ್ಯದಲ್ಲೇ ಬಾಡಿಗೆ ಹುಟ್ಟುವ ಈ ಊರಿನಲ್ಲಿ ಮನೆಯನ್ನು ತಿಂಗಳ ಬಾಡಿಗೆಗೆ ಕೊಡುವವರೇ ಕಡಿಮೆ. ದುರಸ್ತಿಯ ದುಡ್ಡು ಕೇಳಲು ಬಾಡಿಗೆದಾರರು ಹಿಂಜರಿಯುವುದಕ್ಕೆ ಅರ್ಧ ಕಾರಣ ಈ ಹೆದರಿಕೆಯೇ.

ಗೋಡೆ ಒಂದು ಮಟ್ಟಕ್ಕೆ ಆರಿದ ಮೇಲೆ ಎಲೆಕ್ಟ್ರಿಷಿಯನ್ ಮತ್ತೆ ಬಂದರು. ಹಳೆಯ ಬಾಕ್ಸ್ ಪೂರ್ತಿ ಹೋಗಿತ್ತು. ಹೊಸ ಬಾಕ್ಸ್, ಎಂಸಿಬಿ ಎಂಬ ಸರ್ಕ್ಯೂಟ್ ಬ್ರೇಕರುಗಳು ಮತ್ತು ಹೊಸದಾಗಿ ಒಂದು ಆರ್‌ಸಿಸಿಬಿ ಸೇರಿ 4,350. ಬಾಕ್ಸಿನಿಂದ ಎರಡು ಕೋಣೆಗೆ ಹೋಗುವ ತಂತಿ ಮತ್ತು ಪೈಪು 2,650. ಅವರ ಕೂಲಿ 2,500. ಹಳೆಯ ಬಾಕ್ಸಿನಲ್ಲಿ ಆರ್‌ಸಿಸಿಬಿ ಇರಲೇ ಇಲ್ಲ. ಎಂಸಿಬಿ ಹೆಚ್ಚು ಹೊರೆ ಬಿದ್ದಾಗ, ಶಾರ್ಟ್ ಆದಾಗ ಬೀಳುತ್ತದೆ. ಒದ್ದೆ ಗೋಡೆಗೆ ಸ್ವಲ್ಪಸ್ವಲ್ಪವೇ ಸೋರುವ ಕರೆಂಟು ಅದಕ್ಕೆ ತಿಳಿಯುವುದಿಲ್ಲ. ಮನೆಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಸೋರಿದರೆ ಸಂಪರ್ಕ ಕಡಿಯುವಂಥದ್ದು. ಆ ಬೆಳಗಿನ ಜಾವ ಅಮ್ಮ ಗೋಡೆಗೆ ಕೈ ಊರಿ ನಡೆದದ್ದು ನೆನಪಾದಾಗ ಅದರ ಬೆಲೆ ನನಗೆ ಹೆಚ್ಚೆನಿಸಲಿಲ್ಲ.

ಸಂಜೆ ಮಾಲೀಕರ ಫೋನ್ ಬಂತು. ಮೊದಲ ಪ್ರಶ್ನೆ, "ಮಡಿಕೇರಿಯಲ್ಲಿ ಎಷ್ಟು ಇಂಚು ಬಂತು ಟೀಚರೇ?" ತೋಟದವರಿಗೆ ಮಳೆಯ ಲೆಕ್ಕ ಇಂಚಿನಲ್ಲೇ. ಅವರ ಕಡೆಯ ಇಂಚುಗಳ ವಿವರ, ಕಾಫಿ ಉದುರಿದ್ದು, ಮೆಣಸಿನ ಬಳ್ಳಿಗೆ ಕೊಳೆರೋಗ, ಎಲ್ಲ ಮುಗಿದ ಮೇಲೆ ಬೋರ್ಡಿನ ವಿಷಯ. "ಅಂಕಲ್, ಒಟ್ಟು 15,300 ಆಯಿತು" ಎಂದೆ. ಒಂದು ಕ್ಷಣ ಸುಮ್ಮನಿದ್ದು, "ನೀವು ಹೀಟರ್ ಇಟ್ಟಿದ್ದೀರಲ್ಲ?" ಎಂದರು.

ಹೌದು, ಇಟ್ಟಿದ್ದೇವೆ. ಮಳೆಗಾಲದ ಮಡಿಕೇರಿಯಲ್ಲಿ ಹೀಟರಿಲ್ಲದೆ ಬಟ್ಟೆ ಒಣಗುವುದಿಲ್ಲ, ಅಮ್ಮನ ಮೊಣಕಾಲು ಮಡಚುವುದಿಲ್ಲ. ಮಾಲೀಕರ ಮಾತಿನ ಸಾರ ಇಷ್ಟು: ಹೀಟರಿನ ಹೊರೆಗೆ ಬೋರ್ಡು ಸುಟ್ಟಿದೆ, ಹಾಗಾಗಿ ಅದು ಬಾಡಿಗೆದಾರರ ಖರ್ಚು, ತಾರಸಿ ಇಡೀ ಕಟ್ಟಡದ್ದು, ಹಾಗಾಗಿ ಅದು ಸಂಘದ ಖರ್ಚು. ಎರಡೂ ಕಡೆಯಿಂದ ಅವರು ಒಣಗಿ ನಿಂತರು! ಏನಿದ್ದರೂ ಕಕ್ಕಡ ಕಳೆಯಲಿ, ಮಡಿಕೇರಿಗೆ ಬಂದಾಗ ಕೂತು ಮಾತಾಡೋಣ ಎಂದರು. ಕಕ್ಕಡವೆಂದರೆ ಕೊಡವರ ಮಳೆಗಾಲದ ತಿಂಗಳು, ಆಗಸ್ಟಿನ ನಡುಮಧ್ಯದವರೆಗೆ.

ಆ ರಾತ್ರಿಯೇ ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿ, ಸುಟ್ಟ ಬಾಕ್ಸನ್ನು ಗುಜರಿಗೆ ಹಾಕಬೇಡಿ ಎಂದು ಬೇಡಿಕೊಂಡೆ. ಅದೃಷ್ಟಕ್ಕೆ ಅವರ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಮರುದಿನ ಅದನ್ನು ತೋರಿಸುತ್ತಾ ಅವರು ಹೇಳಿದ್ದು ನನಗೆ ಪಾಠವಾಯಿತು. ಹೊರೆ ಹೆಚ್ಚಾಗಿ ಸುಟ್ಟಿದ್ದರೆ ಹೀಟರಿನ ಸಾಕೆಟ್ಟು, ಅದಕ್ಕೆ ಹೋಗುವ ತಂತಿ ಕರಗಿರಬೇಕಿತ್ತು. 2,000 ವಾಟಿನ ಹೀಟರ್ ಎಳೆಯುವುದು ಒಂಬತ್ತು ಆಂಪಿಯರಿನ ಒಳಗೆ, ನಮ್ಮ ಮನೆಯಲ್ಲಿ ಅದನ್ನು ಚುಚ್ಚುವುದು 16 ಆಂಪಿಯರಿನ ಸಾಕೆಟ್ಟಿಗೆ. ಆ ಸಾಕೆಟ್ಟಿಗೆ ಒಂದು ಕಲೆಯೂ ಇಲ್ಲ. ಬಾಕ್ಸಿನಲ್ಲಾದರೋ ನೀರು ಇಳಿದ ಮೇಲಿನ ಮೂಲೆಯಿಂದಲೇ ಸುಟ್ಟ ಗುರುತು ಶುರು, ತಾಮ್ರದ ತುದಿಗಳಿಗೆ ಹಸಿರು ಕಿಲುಬು. ಕಿಲುಬು ಒಂದು ರಾತ್ರಿಯಲ್ಲಿ ಹಿಡಿಯುವುದಿಲ್ಲ, ಬಹಳ ದಿನಗಳಿಂದ ತೇವ ಇಳಿಯುತ್ತಿತ್ತು ಎಂದೇ ಅರ್ಥ. ಇದನ್ನೆಲ್ಲ ಅವರ ಬಿಲ್ಲಿನ ಹಾಳೆಯಲ್ಲೇ ನಾಲ್ಕು ಸಾಲು ಬರೆಸಿ, ದಿನಾಂಕ, ಪರವಾನಗಿ ಸಂಖ್ಯೆ, ಸಹಿ ಹಾಕಿಸಿಕೊಂಡೆ.

ಇದೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. "ಬೋರ್ಡ್ ಬದಲಾವಣೆ, ರೂ. 4,350" ಎಂದಷ್ಟೇ ಇರುವ ಬಿಲ್ಲು ಎಷ್ಟು ಖರ್ಚಾಯಿತೆಂದು ಹೇಳುತ್ತದೆ, ಯಾಕಾಯಿತೆಂದು ಹೇಳುವುದಿಲ್ಲ. ಯಾರು ಕೊಡಬೇಕು ಎಂಬುದು ಯಾಕಾಯಿತು ಎಂಬುದರ ಮೇಲೆ ನಿಂತಿದೆ. ಪ್ಲಂಬರ್ ಆಗಲಿ, ಎಲೆಕ್ಟ್ರಿಷಿಯನ್ ಆಗಲಿ, ಮೇಸ್ತ್ರಿಯಾಗಲಿ, ಕಾರಣವನ್ನು ಅವರ ಕೈಯಲ್ಲೇ ಬರೆಸಿ. ಕಿತ್ತ ಸಾಮಾನು ಮನೆಯಲ್ಲೇ ಇರಲಿ.

ಕರಾರು ತೆಗೆದು ಓದಿದೆ. ಸಹಿ ಹಾಕುವ ದಿನ ಯಾರು ತಾನೇ ಪೂರ್ತಿ ಓದುತ್ತಾರೆ? ಅದರಲ್ಲಿ ಗೋಡೆ, ಚಾವಣಿ, ಒಳಗಿನ ವೈರಿಂಗ್ ಮತ್ತು ಪೈಪುಗಳ ದೊಡ್ಡ ದುರಸ್ತಿ ಮಾಲೀಕರದು, ದಿನಬಳಕೆಯ ಸಣ್ಣಪುಟ್ಟ ದುರಸ್ತಿ ಬಾಡಿಗೆದಾರರದು ಎಂದಿತ್ತು. ಒಳ್ಳೆಯದೇ ಆಯಿತು ಎಂದುಕೊಳ್ಳುವಷ್ಟರಲ್ಲಿ, ಬೆಂಗಳೂರಿನಲ್ಲಿರುವ ಮಾಲೀಕರ ಸೋದರಳಿಯನಿಂದ ಉದ್ದನೆಯ ಸಂದೇಶ ಬಂತು. ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಸರ್ಕ್ಯೂಟ್ ಬ್ರೇಕರ್ ದುರಸ್ತಿ ಬಾಡಿಗೆದಾರರ ಹೊಣೆ ಎಂದಿದೆ, ನೋಡಿಕೊಳ್ಳಿ ಎಂದು. ನಾನೂ ಹುಡುಕಿದೆ. ಅವನು ಹೇಳಿದ್ದು ನಿಜ! ಆ ಪಟ್ಟಿಯ ಪ್ರಕಾರ ನಲ್ಲಿ, ಚರಂಡಿ ಸ್ವಚ್ಛತೆ, ಗೀಸರ್, ಸ್ವಿಚ್ಚು, ಸಾಕೆಟ್ಟು, ಸರ್ಕ್ಯೂಟ್ ಬ್ರೇಕರ್, ಕಿಟಕಿಯ ಗಾಜು, ಬಾಗಿಲ ಬೀಗ ಇವೆಲ್ಲ ಬಾಡಿಗೆದಾರರವು. ಕಟ್ಟಡದ ರಚನೆ, ಸುಣ್ಣಬಣ್ಣ, ಪೈಪು ಬದಲಾವಣೆ, ಒಳ ಹೊರಗಿನ ವೈರಿಂಗ್ ಮಾಲೀಕರವು. ಅಂದರೆ ಒಂದೇ ಬಾಕ್ಸಿನೊಳಗೆ ಬ್ರೇಕರ್ ನನ್ನದು, ತಂತಿ ಅವರದು.

ಆಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ನೆನಪಾಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಹಾಗೆಯೇ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಒಂದು ಶನಿವಾರ ಕಾಗದಗಳ ಕಂತೆ ಹಿಡಿದು ಹೋದೆ. ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಪಕ್ಕದಲ್ಲಿದ್ದವರದು ದಾಯಾದಿಗಳ ಗದ್ದೆ ವ್ಯಾಜ್ಯ, ಅದರ ಮುಂದೆ ನನ್ನ ಬೋರ್ಡಿನ ಕಥೆ ಹೇಳಿಕೊಳ್ಳಲು ನಾಚಿಕೆಯಾಯಿತು. ಅಲ್ಲಿನ ವಕೀಲೆ ನಗಲಿಲ್ಲ. ಕರಾರಿನ ಪ್ರತಿ, ಸಂದೇಶಗಳ ಮುದ್ರಿತ ಪ್ರತಿ, ಬಿಲ್ಲು ಎಲ್ಲ ನೋಡಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಮಾದರಿ ಬಾಡಿಗೆ ಕಾಯ್ದೆಯನ್ನು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2021ರ ಜೂನ್ 2ರಂದು. ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದನ್ನು ತೋರಿಸಿ ಯಾರೂ ಯಾರನ್ನೂ ಕಟ್ಟಿಹಾಕಲಾಗದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನನ್ನ ಮನೆಗೆ ಅನ್ವಯಿಸುವುದಿಲ್ಲ. ಅದರ ಅತಿ ಹೆಚ್ಚಿನ ಮಿತಿಯೇ ತಿಂಗಳಿಗೆ 3,500 ರೂಪಾಯಿ ಬಾಡಿಗೆ. ಉಳಿಯುವುದು ಕರಾರು, ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ಆ ಕಲಮಿನ ಎಫ್ ಉಪಖಂಡ ಹೇಳುವುದು ಇದು: ಮಾಲೀಕ ತಾನು ಮಾಡಲೇಬೇಕಾದ ದುರಸ್ತಿಯನ್ನು, ನೋಟಿಸು ಕೊಟ್ಟ ಮೇಲೂ ಸಮಂಜಸ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು.

ಇದರಲ್ಲಿ ಎರಡು ಮುಳ್ಳುಗಳಿವೆ ಎಂದರು ವಕೀಲೆ. ಯಾವ ದುರಸ್ತಿ ಮಾಲೀಕ ಮಾಡಲೇಬೇಕಾದದ್ದು ಎಂದು ಆ ಉಪಖಂಡ ಹೇಳುವುದಿಲ್ಲ, ಅದಕ್ಕೆ ಕರಾರನ್ನೇ ನೋಡಬೇಕು. ಕರಾರಿನಲ್ಲಿ ಒಂದಕ್ಷರವೂ ಇಲ್ಲದಿದ್ದರೆ ಬಾಡಿಗೆದಾರರ ಕೈ ಬಹಳ ದುರ್ಬಲ. ಎರಡನೆಯದು ನೋಟಿಸು. ಮಾಲೀಕರಿಗೆ ತಿಳಿಸದೆಯೇ ಮಾಡಿಸಿಬಿಟ್ಟರೆ ಕೇಳುವ ದಾರಿ ಕಷ್ಟ. ನನ್ನ ಆ ಬೆಳಗಿನ ಎಸ್ಸೆಮ್ಮೆಸ್ಸನ್ನು ಅವರು ಎರಡು ಸಲ ಓದಿದರು. ಬೆಂಕಿ ಹತ್ತುವ ಅಪಾಯವಿದ್ದಾಗ ಸಮಂಜಸ ಕಾಲ ಎಂದರೆ ವಾರಗಟ್ಟಲೆ ಅಲ್ಲ ಎಂದು ವಾದಿಸಬಹುದು ಎಂದರು. ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಾಯಿಸಬೇಡಿ ಎಂದೂ ಹೇಳಿದರು. ನ್ಯಾಯಾಲಯಕ್ಕೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಬಾಡಿಗೆಯನ್ನು ಮಾತ್ರ ಪೂರ್ತಿ ನಿಲ್ಲಿಸಬೇಡಿ, ಕರಾರು ಮುರಿದವರು ನೀವೇ ಆಗುತ್ತೀರಿ ಎಂಬುದು ಅವರ ಕೊನೆಯ ಎಚ್ಚರಿಕೆ. ಬಾಡಿಗೆ ಬಂದಿಲ್ಲ ಎಂಬ ಒಂದೇ ಮಾತು ಮಿಕ್ಕ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ತಾರಸಿಯ ವಿಷಯದಲ್ಲಿ ಮಾಲೀಕರು ಹೇಳಿದ್ದು ಸರಿಯೇ ಇತ್ತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಅಡಿಪಾಯ, ಕಂಬ, ಮೆಟ್ಟಿಲುಗಳಂತೆ ಚಾವಣಿಯೂ ಎಲ್ಲರಿಗೂ ಸೇರಿದ ಭಾಗ, ಅದರ ಖರ್ಚು ಎಲ್ಲ ಮಾಲೀಕರ ಪಾಲು. ನಮ್ಮ ಕಟ್ಟಡ ಆ ಕಾಯ್ದೆಯಡಿ ಘೋಷಣಾ ಪತ್ರ ಮಾಡಿಕೊಂಡದ್ದು, ಹಾಗಾಗಿ ಅದು ನಮಗೆ ಅನ್ವಯಿಸುತ್ತದೆ. ಆದರೆ ಸಂಘದ ಸದಸ್ಯರು ಮಾಲೀಕರು, ನಾನಲ್ಲ. ನಿರ್ವಹಣಾ ಶುಲ್ಕ ನನ್ನ ಕೈಯಿಂದ ಹೋದರೂ ಸಂಘದ ಎದುರು ನನಗೆ ಯಾವ ಸ್ಥಾನವೂ ಇಲ್ಲ. ಕಾರ್ಯದರ್ಶಿ ನನ್ನ ಪತ್ರವನ್ನು "ಬಾಡಿಗೆದಾರರ ಪತ್ರವನ್ನು ಸಭೆಯಲ್ಲಿ ಇಡಲು ಬರುವುದಿಲ್ಲ" ಎಂದು ನಗುನಗುತ್ತಲೇ ಹಿಂದಿರುಗಿಸಿದ್ದರು. ಹಾಗಾಗಿ ದಾರಿ ಒಂದೇ: ನನಗೆ ಮಾಲೀಕರು ಕೊಡಬೇಕು, ಅವರು ಸಂಘದಿಂದ ಪಡೆಯಬೇಕು. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವವರು ಸಂಘದ ಬಾಗಿಲು ತಟ್ಟಿ ಸುಸ್ತಾಗಬೇಡಿ.

ವಕೀಲೆ ಹೇಳಿದಂತೆ ಒಂದು ಪುಟದ ಪತ್ರ ಬರೆದೆ. ಬಯ್ಗುಳವಿಲ್ಲ, ಬೆದರಿಕೆಯಿಲ್ಲ. ಏನಾಯಿತು, ಯಾವಾಗ ತಿಳಿಸಿದೆ, ಕರಾರಿನ ಯಾವ ಸಾಲು, ಎಲೆಕ್ಟ್ರಿಷಿಯನ್ ಬರೆದದ್ದು ಏನು, ತಾರಸಿಯ ಲೆಕ್ಕ 5,000, ವಿದ್ಯುತ್ತಿನ ಲೆಕ್ಕ 10,300, ಅಷ್ಟೆ. ಬಿಲ್ಲುಗಳ ನಕಲು ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಮೂಲ ಬಿಲ್ಲನ್ನು ಯಾರಿಗೂ ಕೊಡಬೇಡಿ. ಕೂಲಿಯವರಿಗೆ ನಗದು ಕೊಟ್ಟಿದ್ದರೆ ಒಂದು ಚೀಟಿಯಲ್ಲಿ ಮೊತ್ತ ಬರೆದು ಸಹಿ ಪಡೆಯಿರಿ. ನಾನು ಅವರಿಗೆ ಫೋನ್‌ಪೇ ಮಾಡಿದ್ದರಿಂದ ಆ ಚಿಂತೆ ಇರಲಿಲ್ಲ.

ಕಾಯುವುದು ಶುರುವಾಯಿತು. ಕಕ್ಕಡ ಕಳೆಯಿತು. ಕೈಲ್ ಪೊಳ್ದ್ ಬಂತು, ಹಬ್ಬದ ಶುಭಾಶಯದ ಸಂದೇಶ ಬಂತು, ದುಡ್ಡಿನ ಮಾತಿಲ್ಲ. ಕೆಲವು ರಾತ್ರಿ ನನಗೇ ಅನ್ನಿಸುತ್ತಿತ್ತು, ಹದಿನೈದು ಸಾವಿರಕ್ಕೆ ಇಷ್ಟು ಬೇಕೆ ಎಂದು. ಅಮ್ಮ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಮಾಲೀಕರ ಹೆಸರು ಫೋನಿನಲ್ಲಿ ಮಿನುಗಿದರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ, ಸಂತೆಗೆಂದು ಬಂದ ಮಾಲೀಕರು ಮನೆಗೇ ಬಂದರು. ಒಂದು ಪೊಟ್ಟಣ ಕಾಫಿಪುಡಿ, ಬಾಳೆಗೊನೆಯ ಎರಡು ಚಿಪ್ಪು. ಎಲೆಕ್ಟ್ರಿಷಿಯನ್ನರನ್ನೂ ಕರೆಸಿದ್ದೆ. ಸುಟ್ಟ ಬಾಕ್ಸನ್ನು ಮೇಜಿನ ಮೇಲಿಟ್ಟು, ಹೀಟರಿನ ಸಾಕೆಟ್ಟನ್ನು ಬಿಚ್ಚಿ ತೋರಿಸಿದರು. ತೋಟದಲ್ಲಿ ಪಂಪುಸೆಟ್ಟು ನೋಡಿಕೊಂಡವರಿಗೆ ಕಿಲುಬಿನ ಅರ್ಥ ಹೇಳಿಕೊಡಬೇಕಿಲ್ಲ. ಬಾಕ್ಸನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಹೀಟರ್ ಅಲ್ಲ" ಎಂದು ಅವರೇ ಹೇಳಿದರು. ಆ ಒಂದು ವಾಕ್ಯಕ್ಕೆ ನಾನು ಎರಡು ತಿಂಗಳು ಕಾದಿದ್ದೆ.

ಹಾಗೆಂದು ಪೂರ್ತಿ ಸೋತು ಹೋದರೆಂದಲ್ಲ. ಆರ್‌ಸಿಸಿಬಿ ಮೊದಲು ಇರಲಿಲ್ಲ, ಅದು ದುರಸ್ತಿಯಲ್ಲ, ಹೊಸ ಸೌಕರ್ಯ ಎಂದರು. ಇದ್ದದ್ದನ್ನು ಮೊದಲಿನಂತೆ ಮಾಡುವುದು ಬೇರೆ, ಇಲ್ಲದ್ದನ್ನು ಸೇರಿಸುವುದು ಬೇರೆ. ಎರಡನೆಯದಕ್ಕೆ ಮೊದಲೇ ಒಪ್ಪಿಗೆ ಕೇಳಬೇಕಿತ್ತೆಂಬ ಅವರ ವಾದದಲ್ಲಿ ಹುರುಳಿತ್ತು. ಅದರ ಬೆಲೆ 2,200. ಅರ್ಧರ್ಧ ಎಂದು ಒಪ್ಪಿಕೊಂಡೆವು. ಹೀಗೆ ವಿದ್ಯುತ್ತಿನ ಲೆಕ್ಕದಲ್ಲಿ ನನಗೆ 9,200 ಬರಬೇಕಾಯಿತು. ಒಂದೇ ತಿಂಗಳಲ್ಲಿ ಮುರಿದುಕೊಂಡರೆ ಅವರಿಗೂ ಭಾರ. ಮಾದರಿ ಕಾಯ್ದೆಯಲ್ಲಿ ಒಂದು ತಿಂಗಳಿಗೆ ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ ಎಂದಿದೆ. ಅದು ನಮಗೆ ಅನ್ವಯಿಸದಿದ್ದರೂ ಅಳತೆಗೆ ಚೆನ್ನಾಗಿದೆ ಎಂದು ನಾನೇ ಹೇಳಿದೆ, ಸೋದರಳಿಯನಿಗೂ ಸಮಾಧಾನವಾಗಲಿ ಎಂದು. ಎರಡು ತಿಂಗಳು 4,600 ರೂಪಾಯಿಯಂತೆ ಕಳೆದು 8,400 ಕಟ್ಟಿದೆ. ಪ್ರತಿ ಸಲವೂ "ಬಾಡಿಗೆ 13,000, ದುರಸ್ತಿ ಖರ್ಚು ಕಳೆದು" ಎಂದು ಸಂದೇಶ ಬರೆದು, ಅವರಿಂದ ಸರಿ ಎಂಬ ಉತ್ತರ ಪಡೆದ ಮೇಲೆಯೇ ಹಣ ಹಾಕಿದೆ. ತಾರಸಿಯ 5,000 ಸಂಘದಿಂದ ಅವರಿಗೆ ಬಂದು, ಅವರಿಂದ ನನಗೆ ಬಂದಾಗ ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಮಾಲೀಕರು ಕೇಳಿದಾಗ ಸಂಘ ಒಂದೇ ಸಭೆಯಲ್ಲಿ ಒಪ್ಪಿತಂತೆ.

ಹಾಸಿಗೆ, ಗೋಡೆಯ ಪಕ್ಕದ ಕಪಾಟಿನಲ್ಲಿದ್ದ ಪುಸ್ತಕಗಳು, ಹಾಳಾದ ಮಿಕ್ಸಿ, ಇವನ್ನು ಯಾರೂ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಬಾಡಿಗೆದಾರರೂ ತಮ್ಮ ಸಾಮಾನಿಗೆ ಮಾತ್ರ ಗೃಹವಿಮೆ ಮಾಡಿಸಿಕೊಳ್ಳಬಹುದೆಂದು ಆಮೇಲೆ ತಿಳಿಯಿತು. ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 2021ರ ಏಪ್ರಿಲಿನಿಂದ ಕೊಡುತ್ತಿರುವ ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹ, ಭೂಕುಸಿತ ಎಲ್ಲ ಸೇರಿವೆ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಊರಿನಲ್ಲಿ ಇದನ್ನು ಯಾರೂ ನಮಗೆ ಹೇಳದೆ ಹೋದದ್ದೇ ಸೋಜಿಗ. ನಿಧಾನವಾಗಿ ಜಿನುಗುವ ಸೋರಿಕೆಗೆ ಇಂಥ ಪಾಲಿಸಿಗಳನ್ನು ನಂಬಿಕೊಳ್ಳಬೇಡಿ, ಷರತ್ತು ಓದಿಕೊಳ್ಳಿ.

ಕಳೆದ ವಾರ ಕರಾರು ನವೀಕರಿಸಿದೆವು. ಈ ಸಲ ಮೂರು ಸಾಲು ಸೇರಿಸಿದ್ದೇವೆ. ಜೀವಕ್ಕೆ ಅಥವಾ ಕಟ್ಟಡಕ್ಕೆ ಅಪಾಯವಿರುವ ತುರ್ತು ದುರಸ್ತಿಯನ್ನು ಮಾಲೀಕರು 24 ಗಂಟೆಯೊಳಗೆ ಉತ್ತರಿಸದಿದ್ದರೆ ಬಾಡಿಗೆದಾರರು ಮಾಡಿಸಬಹುದು. 5,000 ದಾಟುವುದಾದರೆ ಮಾಲೀಕರು ಸೂಚಿಸಿದ ಮಡಿಕೇರಿಯ ಒಬ್ಬರ ಒಪ್ಪಿಗೆ ಸಾಕು. ಸಂಘದಿಂದ ಹಣ ಬರಲಿ ಬಿಡಲಿ, ಬಾಡಿಗೆದಾರರಿಗೆ ಕೊಡುವುದು ಮಾಲೀಕರ ಹೊಣೆ. ಸೂಚಿಸಿದ ಆ ಒಬ್ಬರು ಕೆಳಗಿನ ಮನೆಯ ಅಕ್ಕ.

ಗೋಡೆಯ ಬಣ್ಣ ಮಾತ್ರ ಬಾಕಿ. ಒಳಗಿನ ತೇವ ಆರುವ ಮೊದಲು ಬಳಿದರೆ ಮುಂದಿನ ಮಳೆಗೆ ಮುಂಚೆಯೇ ಹಪ್ಪಳದಂತೆ ಏಳುತ್ತದೆ ಎಂದು ಪೇಂಟರ್ ಹೇಳಿದ್ದರಿಂದ ಜನವರಿಗೆ ಮುಂದೂಡಿದ್ದೇವೆ. ಅಷ್ಟರೊಳಗೆ ಮನೆ ಬಿಟ್ಟರೆ ಆ ಕಲೆಗೆ ನನ್ನ ಮುಂಗಡದಲ್ಲಿ ಕೈ ಹಾಕಬಾರದಲ್ಲ! ಕಲೆಯ ಚಿತ್ರ ತೆಗೆದು, ಇದು ತಾರಸಿಯ ಸೋರಿಕೆಯದು, ಬಣ್ಣ ಮಾಲೀಕರ ಖರ್ಚು ಎಂದು ಕರಾರಿಗೆ ಅನುಬಂಧವಾಗಿ ಸೇರಿಸಿ ಇಬ್ಬರೂ ಸಹಿ ಹಾಕಿದ್ದೇವೆ.